ನಡುವಿನ 16 ಪುಟಾನ ಇಲ್ಲ!

ಹುಬ್ಬಳ್ಳಿಯೊಳಗ ಸೆಕೆಂಡ್ ಹ್ಯಾಂಡ್ ಸಿಕ್ಕ ಇಂಗ್ಲಿಷ್ ಸೈನ್ಸ್ ಫಿಕ್ಷನ್ ಕಾದಂಬರಿ. ಹೊಡೆದಾಟಕ್ಕಿಂತ ನಗೀನ ಜಾಸ್ತಿ, ಭಾಳ ಮಜಾ ಐತಿ. ಆದ್ರ 176ನೇ ಪುಟ ಆದಮ್ಯಾಲೆ ಸೀದಾ 193 ಬರತೈತಿ. ಪುಸ್ತಕದ ಬೆನ್ನಿನ ಅಂಟು ಬಿಟ್ಟೈತಿ, ಮುಗ್ಗಲು ವಾಸನಿ ಬ್ಯಾರೆ. ಏನ್ ಮಾಡೂದ್ರಿ?

ಉತ್ತರ 1: ಸರಿಯಾಗಿ 16 ಪುಟ ಅಂದ್ರ ಬಿಡಿ ಹಾಳಿ ಉದುರಿದ್ದಲ್ಲ ಅನಸ್ತೈತ್ರಿ, ಬೈಂಡಿಂಗ್‌ನ್ಯಾಗ ಒಂದು ಫಾರ್ಮ್ (ದೊಡ್ಡ ಹಾಳಿ ಮಡಚಿ ಮಾಡಿದ ಪುಟಗಳ ಕಟ್ಟು) ಬಿಟ್ಟಿರಬೇಕು. ಬ್ಯಾರೆ ಫಾರ್ಮ್ ಎರಡು ಸಲ ಸೇರೈತೇನು ನೋಡ್ರಿ. ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಹಿಡಿದು ಅದೇ ಆವೃತ್ತಿ ಹುಡುಕ್ರಿ; ಬ್ಯಾರೆ ಆವೃತ್ತಿಯೊಳಗ ಪುಟಸಂಖ್ಯೆ ಕೂಡಲಿಕ್ಕಿಲ್ಲ.

ಉತ್ತರ 2: ಸೆಲೋಟೇಪ್ ಮಾತ್ರ ಹಚ್ಚಬ್ಯಾಡ್ರಿ, ಅದರ ಅಂಟು ಹಾಳಿಗೆ ಇಳಿದು ಹಳದಿ ಆಗತೈತಿ. ಬಿಟ್ಟ ಬೆನ್ನಿಗೆ ಫೆವಿಕಾಲ್ ಕಡ್ಡಿತುದಿಲೆ ತೆಳ್ಳಗ ಹಚ್ಚಿ, ಎರಡೂ ಕಡೆ ಬಟರ್ ಪೇಪರ್ ಇಟ್ಟು ರಾತ್ರಿಯೆಲ್ಲಾ ಭಾರ ಹೇರ್ರಿ. ವಾಸನಿಗೆ ಮುಚ್ಚಳದ ಡಬ್ಬಿ, ತಳದಾಗ ಒಂದು ಬಟ್ಟಲ ಅಡಿಗಿ ಸೋಡಾ, ಪುಸ್ತಕ ಬಿಚ್ಚಿ ನಿಲ್ಲಿಸಿ 4-5 ದಿನ. ಬಿಸಲಾಗ ಬ್ಯಾಡ.

ಉತ್ತರ 3: ಆ 16 ಪುಟ ಹಾರಿಸಿ ಓದಬ್ಯಾಡ್ರಿ. ಇಂಥಾ ಕಾದಂಬರಿಯೊಳಗ ಜೋಕ್ ಬಿತ್ತೂದು ಒಂದ್ಕಡೆ, ಫಸಲು 100 ಪುಟದ ಆಚೆ.