ಫಿಗರ್ ಸ್ಕೇಟಿಂಗ್ ವಿಶ್ವ ಚಾಂಪಿಯನ್‌ಶಿಪ್: ಮಹಿಳೆಯರು ಬಂದದ್ದು 1902ರಲ್ಲೋ, 1906ರಲ್ಲೋ?

ಟಿಳಕವಾಡಿ ಪಾಲಕ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಮ್ಮ ಬೆಳಗಾವಿಯಲ್ಲಿ ಸ್ಕೇಟಿಂಗ್ ಎಂದರೆ ಗಾಲಿ ಸ್ಕೇಟಿಂಗ್. ಅದರಲ್ಲೂ ವೇಗದ ಓಟ, ಇಲ್ಲವೇ ಕಂಬಿಯ ಕೆಳಗೆ ಮೈ ಚಾಚಿ ನುಸುಳುವ ಲಿಂಬೊ. ನನ್ನ ಮಗಳು ಮಾತ್ರ ಆರ್ಟಿಸ್ಟಿಕ್ ವಿಭಾಗವನ್ನು, ಅಂದರೆ ಫಿಗರ್ ಸ್ಕೇಟಿಂಗ್‌ನ ಗಾಲಿ ರೂಪವನ್ನು, ಹಿಡಿದಿದ್ದಾಳೆ. ರಿಂಕಿನ ಸಿಮೆಂಟು ನೆಲದ ಮೇಲೆ ಬಣ್ಣದಲ್ಲಿ ಬರೆದ ವೃತ್ತಗಳಿವೆ. ಬೆಳಗಿನ ಅಭ್ಯಾಸ ಶುರುವಾಗುವುದೇ ಒಂದೇ ಕಾಲಿನ ಮೇಲೆ ನಿಂತು, ಆ ಗೆರೆಯಿಂದ ಆಚೀಚೆ ಸರಿಯದೆ ಸುತ್ತುವುದರಿಂದ. ಅವಳಿಗಾಗಿ ಮಂಜುಗಡ್ಡೆಯ ಮೇಲಿನ ವಿಶ್ವ ಚಾಂಪಿಯನ್‌ಶಿಪ್‌ನ ಇತಿಹಾಸವನ್ನು ಓದಲು ಕುಳಿತರೆ ಗೊಂದಲವೇ ಹೆಚ್ಚಾಯಿತು. ಮಹಿಳೆಯೊಬ್ಬರು 1902ರಲ್ಲೇ ಬೆಳ್ಳಿ ಪದಕ ಗೆದ್ದರೆಂದು ಒಂದು ಕಡೆ ಇದ್ದರೆ, ಮಹಿಳೆಯರ ಸ್ಪರ್ಧೆ ಆರಂಭವಾದದ್ದೇ 1906ರಲ್ಲಿ ಎಂದು ಇನ್ನೊಂದು ಕಡೆ ಇದೆ. ವಿಜೇತರ ಪಟ್ಟಿಯಲ್ಲಿ 1961ರ ಸಾಲು ಖಾಲಿ ಇದೆ. ಆಗ ಯಾವ ಮಹಾಯುದ್ಧವೂ ಇರಲಿಲ್ಲವಲ್ಲ? ಮಗಳು ಕೇಳುವ ಪ್ರಶ್ನೆ ಬೇರೆಯೇ: ತಾನು ದಿನವೂ ಸುತ್ತುವ ಈ ವೃತ್ತಗಳು ಟಿವಿಯಲ್ಲಿ ಬರುವ ಮಂಜಿನ ಸ್ಪರ್ಧೆಯಲ್ಲಿ ಏಕೆ ಕಾಣುವುದಿಲ್ಲ? ಬಲ್ಲವರು ದಯವಿಟ್ಟು ವಿವರಿಸಬೇಕು.

ಗುಮ್ಮಟದ ನೆರೆಯವ, ವಿಜಯಪುರ

ನೀವು ಓದಿದ ಎರಡೂ ಇಸವಿಗಳು ಸರಿಯೇ. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಸ್ಥಾಪನೆಯಾದದ್ದು 1892ರಲ್ಲಿ, ನೆದರ್ಲೆಂಡ್ಸ್‌ನ ಸ್ಖೆವೆನಿಂಗೆನ್‌ನಲ್ಲಿ. ಅದರ ಮೊದಲ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಶಿಪ್ 1896ರ ಫೆಬ್ರುವರಿಯಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಯೂಸುಪೋವ್ ಉದ್ಯಾನದಲ್ಲಿ, ಬಯಲಿನ ಮಂಜಿನ ಮೇಲೆ ನಡೆಯಿತು. ಇಂದು ಸಾವಿರಾರು ಜನ ಟಿಕೆಟ್ ಕೊಂಡು ನೋಡುವ ಆ ಸ್ಪರ್ಧೆಯ ಮೊದಲ ವರ್ಷ ಕಣಕ್ಕಿಳಿದವರು ನಾಲ್ಕೇ ನಾಲ್ಕು ಜನ ಗಂಡಸರು. ಜರ್ಮನಿಯ ಗಿಲ್ಬರ್ಟ್ ಫುಕ್ಸ್ ಗೆದ್ದರು.

ಆ ಕಾಲದ ನಿಯಮಾವಳಿಯಲ್ಲಿ ಸ್ಪರ್ಧಿ ಗಂಡಸೇ ಆಗಿರಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ, ಏಕೆಂದರೆ ಹೆಂಗಸೊಬ್ಬಳು ಬಂದು ಹೆಸರು ಕೊಟ್ಟಾಳೆಂದು ಯಾರಿಗೂ ಹೊಳೆದಿರಲಿಲ್ಲ. 1902ರಲ್ಲಿ ಸ್ಪರ್ಧೆ ಲಂಡನ್ನಿಗೆ ಬಂದಾಗ ಇಂಗ್ಲೆಂಡಿನ ಮ್ಯಾಜ್ ಸಯರ್ಸ್ ಹೆಸರು ನೋಂದಾಯಿಸಿದರು. ತಡೆಯಲು ನಿಯಮ ಸಿಗದೆ ಸಂಘಟಕರು ಒಪ್ಪಿಕೊಳ್ಳಬೇಕಾಯಿತು. ಸಯರ್ಸ್ ಸ್ವೀಡನ್ನಿನ ಉಲ್ರಿಕ್ ಸಾಲ್ಖೊ ಒಬ್ಬರನ್ನು ಬಿಟ್ಟು ಉಳಿದ ಗಂಡಸರನ್ನೆಲ್ಲ ಹಿಂದೆ ಹಾಕಿ ಎರಡನೆಯ ಸ್ಥಾನ ಪಡೆದರು. ಸಾಲ್ಖೊ ಸಾಮಾನ್ಯ ಆಟಗಾರರಲ್ಲ: 1901ರಿಂದ 1911ರೊಳಗೆ ಹತ್ತು ಸಲ ಈ ಪ್ರಶಸ್ತಿ ಗೆದ್ದವರು, ಇಂದಿಗೂ ಒಂದು ಜಿಗಿತಕ್ಕೆ ಅವರದೇ ಹೆಸರಿದೆ.

ಒಕ್ಕೂಟದ ಮರುವರ್ಷದ ಮಹಾಸಭೆ ಇದಕ್ಕೆ ಕೊಟ್ಟ ಉತ್ತರವೆಂದರೆ ಹೆಂಗಸರಿಗೆ ಬಾಗಿಲು ಮುಚ್ಚಿದ್ದು. ಉದ್ದ ಲಂಗದಿಂದಾಗಿ ತೀರ್ಪುಗಾರರಿಗೆ ಪಾದ ಕಾಣುವುದಿಲ್ಲ, ತೀರ್ಪುಗಾರನು ತನಗೆ ಬೇಕಾದ ಹೆಣ್ಣಿಗೇ ಅಂಕ ಕೊಟ್ಟಾನು, ಹೆಣ್ಣು ಗಂಡುಗಳನ್ನು ಹೋಲಿಸುವುದು ಕಷ್ಟ ಎಂಬವು ಅಲ್ಲಿ ಕೇಳಿಬಂದ ಕಾರಣಗಳು. ಎರಡನೆಯ ಕಾರಣ ಹೆಂಗಸರ ದೋಷವೋ ತೀರ್ಪುಗಾರರ ದೋಷವೋ ಎಂದು ಅಂದು ಯಾರಾದರೂ ಕೇಳಬೇಕಿತ್ತು. ಸಯರ್ಸ್ ಮಾತ್ರ ಸುಮ್ಮನೆ ಕೂಡಲಿಲ್ಲ. 1903ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದು, 1904ರಲ್ಲಿ ಅದೇ ಸ್ಪರ್ಧೆಯಲ್ಲಿ ತಮ್ಮ ತರಬೇತುದಾರರೂ ಆಗಿದ್ದ ಪತಿ ಎಡ್ಗರ್ ಅವರನ್ನೇ ಸೋಲಿಸಿದರು. ಕೊನೆಗೆ ಮಹಿಳೆಯರಿಗಾಗಿ ಪ್ರತ್ಯೇಕ ಸ್ಪರ್ಧೆ 1906ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ನಡೆಯಿತು. ಅದನ್ನೂ, ಮರುವರ್ಷದ್ದನ್ನೂ ಗೆದ್ದವರು ಅವರೇ. ಆದರೆ ಒಕ್ಕೂಟ ಆಗ ಅದನ್ನು ವಿಶ್ವ ಚಾಂಪಿಯನ್‌ಶಿಪ್ ಎಂದು ಕರೆಯಲಿಲ್ಲ. ಆ ಮಾನ್ಯತೆ ಬಂದದ್ದು ವರ್ಷಗಳ ನಂತರ, ಹಿಂದಿನಿಂದ ಅನ್ವಯವಾಗುವಂತೆ. ನಿಮ್ಮ ಗೊಂದಲದ ಬೇರು ಇಲ್ಲಿದೆ. ಜೋಡಿ ವಿಭಾಗ 1908ರಲ್ಲಿ ಸೇರಿತು, ಜೋಡಿಯಾಗಿ ನರ್ತಿಸುವ ಐಸ್ ಡಾನ್ಸ್ ವಿಭಾಗ 1952ರಲ್ಲಿ.

ಜಮಖಂಡಿಯ ಓದುಗ, ಬಾಗಲಕೋಟೆ ಜಿಲ್ಲೆ

ಮೇಲಿನ ಉತ್ತರಕ್ಕೆ ನನ್ನದೊಂದು ಸೇರ್ಪಡೆ. ನನ್ನ ಪ್ರಕಾರ ಈ ಸ್ಪರ್ಧೆಯ ಇತಿಹಾಸವನ್ನು ಗೆದ್ದವರ ಪಟ್ಟಿಯಾಗಿ ಓದುವುದಕ್ಕಿಂತ ತೀರ್ಪುಗಾರರನ್ನು ಎಷ್ಟು ನಂಬಬಹುದು ಎಂಬ ಜಗಳದ ಕಥೆಯಾಗಿ ಓದಿದರೆ ಎಲ್ಲವೂ ಸುಲಭವಾಗಿ ಅರ್ಥವಾಗುತ್ತದೆ. ನಮ್ಮ ಕಡೆಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿತೆಂದರೆ ತೀರ್ಪು ಮುಗಿಯಿತು, ಸುತ್ತ ಕುಳಿತ ಸಾವಿರ ಜನರೂ ಅದಕ್ಕೆ ಸಾಕ್ಷಿ. ಸ್ಕೇಟಿಂಗ್‌ನಲ್ಲಿ ಯಾರು ಗೆದ್ದರೆಂಬುದನ್ನು ತೀರ್ಪುಗಾರರು ಹೇಳಿದ ಮೇಲೆಯೇ ತಿಳಿಯಬೇಕು.

ಈ ಅಪನಂಬಿಕೆ ಬಹಳ ಹಳೆಯದು. ಸಾಲ್ಖೊ 1901ರಿಂದ 1911ರವರೆಗೆ ಗೆದ್ದರೂ ನಡುವೆ 1906ರ ಪ್ರಶಸ್ತಿ ಅವರದಲ್ಲ, ಏಕೆಂದರೆ ಆ ವರ್ಷ ಸ್ಪರ್ಧೆ ಮ್ಯೂನಿಕ್‌ನಲ್ಲಿತ್ತು. ಜರ್ಮನಿಯ ಫುಕ್ಸ್ ಎದುರು ಅಲ್ಲಿ ತನಗೆ ನ್ಯಾಯ ಸಿಗದೆಂದು ಅವರು ಹೋಗಲೇ ಇಲ್ಲ. ಫುಕ್ಸ್ ಗೆದ್ದರು.

ಇದಕ್ಕಿಂತ ದೊಡ್ಡ ಗದ್ದಲ 1927ರಲ್ಲಿ ಓಸ್ಲೋದಲ್ಲಿ ಆಯಿತು. ಮಹಿಳೆಯರ ವಿಭಾಗದಲ್ಲಿ ಐದು ವರ್ಷ ಸತತ ಗೆದ್ದಿದ್ದ ಆಸ್ಟ್ರಿಯಾದ ಹೆರ್ಮಾ ಸಾಬೊ ಅವರ ಎದುರು ಆತಿಥೇಯ ನಾರ್ವೆಯ ಸೋನ್ಯಾ ಹೆನಿ ಎಂಬ 14ರ ಹುಡುಗಿ ನಿಂತಿದ್ದಳು. ತೀರ್ಪುಗಾರರು ಐವರು, ಅವರಲ್ಲಿ ಮೂವರು ನಾರ್ವೆಯವರು, ಒಬ್ಬರು ಆಸ್ಟ್ರಿಯಾದವರು, ಒಬ್ಬರು ಜರ್ಮನಿಯವರು. ಮೂವರು ನಾರ್ವೆಯವರು ಹೆನಿಯನ್ನು ಮೊದಲಿಟ್ಟರು, ಉಳಿದಿಬ್ಬರು ಸಾಬೊ ಅವರನ್ನು. ಆಗ ಲೆಕ್ಕಕ್ಕೆ ಬರುತ್ತಿದ್ದದ್ದು ಒಟ್ಟು ಅಂಕಕ್ಕಿಂತ ಹೆಚ್ಚಾಗಿ ಪ್ರತಿ ತೀರ್ಪುಗಾರ ಕೊಟ್ಟ ಸ್ಥಾನ. ಆದ್ದರಿಂದ ಮೂರಕ್ಕೆ ಎರಡರಂತೆ ಹೆನಿ ಚಾಂಪಿಯನ್ ಆದರು. ಸಾಬೊ ಮತ್ತೆಂದೂ ಆ ಪಟ್ಟಕ್ಕೆ ಮರಳಲಿಲ್ಲ. ಗದ್ದಲದ ನಂತರ ಒಂದು ದೇಶಕ್ಕೆ ಒಬ್ಬನೇ ತೀರ್ಪುಗಾರ ಎಂಬ ನಿಯಮ ಬಂತು. ಆಗ ಒಕ್ಕೂಟದ ಅಧ್ಯಕ್ಷರಾಗಿದ್ದವರು ಯಾರು ಗೊತ್ತೇ? ಇಪ್ಪತ್ತೊಂದು ವರ್ಷಗಳ ಹಿಂದೆ ಮ್ಯೂನಿಕ್‌ಗೆ ಹೋಗಲು ಒಪ್ಪದ ಅದೇ ಉಲ್ರಿಕ್ ಸಾಲ್ಖೊ.

ಹಾಗೆಂದು ಹೆನಿಯನ್ನು ಕೃಪೆಯಿಂದ ಗೆದ್ದವರೆಂದು ತಿಳಿಯಬಾರದು. ಹೊಸ ನಿಯಮ ಬಂದ ಮೇಲೂ 1936ರವರೆಗೆ ಅವರನ್ನು ಯಾರೂ ಸೋಲಿಸಲಿಲ್ಲ. ಸತತ ಹತ್ತು ವಿಶ್ವ ಪ್ರಶಸ್ತಿ, ಮೂರು ಒಲಿಂಪಿಕ್ ಚಿನ್ನ. ಹತ್ತರ ಗಡಿ ಮುಟ್ಟಿದ ಇನ್ನೊಬ್ಬರು ಸೋವಿಯತ್ ಒಕ್ಕೂಟದ ಇರಿನಾ ರೊಡ್ನಿನಾ, ಜೋಡಿ ವಿಭಾಗದಲ್ಲಿ, 1969ರಿಂದ 1978ರವರೆಗೆ, ಇಬ್ಬರು ಬೇರೆ ಬೇರೆ ಜೊತೆಗಾರರೊಂದಿಗೆ. 1973ರಲ್ಲಿ ಬ್ರಾಟಿಸ್ಲಾವಾದಲ್ಲಿ ಅವರು ಮತ್ತು ಅಲೆಕ್ಸಾಂಡರ್ ಜೈತ್ಸೆವ್ ಆಡುತ್ತಿದ್ದಾಗ ನಡುವೆ ಸಂಗೀತ ನಿಂತುಹೋಯಿತು. ಇಬ್ಬರೂ ನಿಲ್ಲಲಿಲ್ಲ, ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ. ಮಂಜಿನ ಮೇಲೆ ಉಕ್ಕು ಉಜ್ಜುವ ಸದ್ದು ಮತ್ತು ಪ್ರೇಕ್ಷಕರ ಚಪ್ಪಾಳೆಯ ನಡುವೆ ಕೊನೆಯ ಹೆಜ್ಜೆಯವರೆಗೆ ಆಡಿ ಮುಗಿಸಿ ಚಿನ್ನ ಗೆದ್ದರು.

ಹಳೆಯ ತರಬೇತುದಾರ, ಬೆಳಗಾವಿ

ಮಗಳ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಅವಳು ಸುತ್ತುವ ವೃತ್ತಗಳೇ ಈ ಕ್ರೀಡೆಯ ಮೂಲ. ಮಂಜಿನಲ್ಲಿ ಬಣ್ಣದ ಗೆರೆ ಇರುವುದಿಲ್ಲ. ಸ್ಪರ್ಧಿಯೇ ಶುಭ್ರವಾದ ಮಂಜಿನ ಮೇಲೆ ಸ್ಕೇಟಿನ ಅಲಗಿನಿಂದ ಎಂಟರ ಆಕೃತಿಯನ್ನು ಕೊರೆದು, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಸಾಗಬೇಕಿತ್ತು. ಮುಗಿದ ಮೇಲೆ ತೀರ್ಪುಗಾರರು ಮಂಜಿಗಿಳಿದು, ಬಗ್ಗಿ, ಗೆರೆಗಳು ಎಲ್ಲಿ ಬೇರೆಯಾಗಿವೆ, ತಿರುವಿನಲ್ಲಿ ಅಲಗು ಎಲ್ಲಿ ಜಾರಿದೆ ಎಂದು ಪರೀಕ್ಷಿಸುತ್ತಿದ್ದರು. ಒಂದು ಕಾಲದಲ್ಲಿ ಒಟ್ಟು ಅಂಕಗಳಲ್ಲಿ ಶೇಕಡಾ 60 ಇದಕ್ಕೇ ಮೀಸಲಾಗಿತ್ತು.

ಟಿವಿ ಬಂದ ಮೇಲೆ ತೊಂದರೆ ಶುರುವಾಯಿತು. ಮಂದಗತಿಯ ಈ ಭಾಗವನ್ನು ಯಾರೂ ಪ್ರಸಾರ ಮಾಡುತ್ತಿರಲಿಲ್ಲ. ಫ್ರೀ ಸ್ಕೇಟಿಂಗ್ (ಸಂಗೀತಕ್ಕೆ ತಕ್ಕಂತೆ ಜಿಗಿತ, ತಿರುಗುಗಳನ್ನು ತೋರಿಸುವ ಭಾಗ) ಮಾತ್ರ ನೋಡಿದ ಜನರಿಗೆ ಗೆದ್ದವರು ಏಕೆ ಗೆದ್ದರೆಂದು ತಿಳಿಯುತ್ತಿರಲಿಲ್ಲ. ಆಸ್ಟ್ರಿಯಾದ ಟ್ರಿಕ್ಸಿ ಶೂಬಾ ಇದಕ್ಕೆ ಪ್ರಸಿದ್ಧ ಉದಾಹರಣೆ. 1971 ಮತ್ತು 1972ರ ವಿಶ್ವ ಚಾಂಪಿಯನ್ ಆದ ಅವರು 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಫ್ರೀ ಸ್ಕೇಟಿಂಗ್‌ನಲ್ಲಿ ಏಳನೆಯವರಾಗಿಯೂ ಆಕೃತಿಗಳ ಬಲದಿಂದ ಚಿನ್ನ ಗೆದ್ದರು. ಮರುವರ್ಷ ಗೊತ್ತುಪಡಿಸಿದ ಜಿಗಿತ, ತಿರುಗುಗಳನ್ನು ಮಾಡಿ ತೋರಿಸಬೇಕಾದ ಶಾರ್ಟ್ ಪ್ರೋಗ್ರಾಂ ಎಂಬ ಹೊಸ ಚಿಕ್ಕ ಸುತ್ತು ಬಂತು, ಆಕೃತಿಗಳ ಪಾಲು ಶೇಕಡಾ 40ಕ್ಕೆ ಇಳಿಯಿತು. ಕೊನೆಗೆ 1990ರ ಹ್ಯಾಲಿಫ್ಯಾಕ್ಸ್ ಚಾಂಪಿಯನ್‌ಶಿಪ್‌ನೊಂದಿಗೆ ಅವು ಪೂರ್ತಿ ಹೋದವು. ಆ ಕೊನೆಯ ವರ್ಷವೂ ಜಪಾನಿನ ಮಿದೋರಿ ಇತೊ ಶಾರ್ಟ್ ಮತ್ತು ಫ್ರೀ ಎರಡನ್ನೂ ಗೆದ್ದರೂ ಆಕೃತಿಗಳಲ್ಲಿ ಹತ್ತನೆಯವರಾದ್ದರಿಂದ ಬೆಳ್ಳಿಗೆ ಇಳಿದರು. ಚಿನ್ನ ಅಮೆರಿಕದ ಜಿಲ್ ಟ್ರೆನರಿ ಅವರ ಪಾಲಾಯಿತು. ಹಿಂದಿನ ವರ್ಷ ಪ್ಯಾರಿಸ್‌ನಲ್ಲಿ ಟ್ರಿಪಲ್ ಆಕ್ಸೆಲ್ (ಮುಂದಕ್ಕೆ ಮುಖ ಮಾಡಿ ಹಾರಿ ಗಾಳಿಯಲ್ಲಿ ಮೂರೂವರೆ ಸುತ್ತು ತಿರುಗುವ ಜಿಗಿತ) ಜಿಗಿದು ಏಷ್ಯಾದ ಮೊದಲ ವಿಶ್ವ ಚಾಂಪಿಯನ್ ಆಗಿದ್ದವರು ಇದೇ ಇತೊ.

ಗಾಲಿಗಳ ಆರ್ಟಿಸ್ಟಿಕ್ ವಿಭಾಗ ಆಕೃತಿಗಳನ್ನು ಕೈಬಿಡಲಿಲ್ಲ. ಅದು ಒಳ್ಳೆಯದೇ ಆಯಿತೆಂದು ನಾನು ತಿಳಿಯುತ್ತೇನೆ, ಏಕೆಂದರೆ ಅಂಚಿನ ಮೇಲಿನ ಹಿಡಿತ ಮಕ್ಕಳಿಗೆ ಬೇರೆ ಯಾವ ಅಭ್ಯಾಸದಿಂದಲೂ ಇಷ್ಟು ಗಟ್ಟಿಯಾಗಿ ಕೂರುವುದಿಲ್ಲ.

ಟಿಳಕವಾಡಿ ಪಾಲಕ, ಬೆಳಗಾವಿ

ಮೂವರಿಗೂ ಧನ್ಯವಾದಗಳು. 1961ರ ವಿಷಯ ಉಳಿಯಿತು. ಜೊತೆಗೆ, ಇಷ್ಟೆಲ್ಲ ಜಗಳದ ನಂತರ ಈಗ ಅಂಕ ಕೊಡುವ ಪದ್ಧತಿ ಹೇಗಿದೆ ಎಂದೂ ತಿಳಿಸುವಿರಾ?

ಗುಮ್ಮಟದ ನೆರೆಯವ, ವಿಜಯಪುರ

1961ರ ಸ್ಪರ್ಧೆ ಪ್ರಾಗ್ ನಗರದಲ್ಲಿ ನಡೆಯಬೇಕಿತ್ತು. ಫೆಬ್ರುವರಿ 15ರಂದು ಅಮೆರಿಕದ ಇಡೀ ತಂಡವನ್ನು ಹೊತ್ತಿದ್ದ ಸಬೀನಾ ಸಂಸ್ಥೆಯ ವಿಮಾನ ಬ್ರಸೆಲ್ಸ್ ಬಳಿ ಬಿದ್ದು, ಅದರಲ್ಲಿದ್ದ 72 ಜನರೂ ತೀರಿಕೊಂಡರು. ಅವರಲ್ಲಿ 18 ಜನ ಸ್ಕೇಟರುಗಳು; ಉಳಿದವರಲ್ಲಿ ತರಬೇತುದಾರರು, ತೀರ್ಪುಗಾರರು, ಬಂಧುಗಳು ಸೇರಿದ್ದರು. ಆಗಷ್ಟೇ ಅಮೆರಿಕದ ಚಾಂಪಿಯನ್ ಆಗಿದ್ದ 16ರ ಲಾರೆನ್ಸ್ ಓವನ್, ಅವರ ಅಕ್ಕ ಮತ್ತು ತಾಯಿ ಮೂವರೂ ಅದರಲ್ಲಿದ್ದರು. ಒಕ್ಕೂಟ ಆ ವರ್ಷದ ಸ್ಪರ್ಧೆಯನ್ನೇ ರದ್ದುಪಡಿಸಿತು. ಎರಡು ಮಹಾಯುದ್ಧಗಳ ಕಾಲವನ್ನು ಬಿಟ್ಟರೆ ಪಟ್ಟಿ ಖಾಲಿ ಉಳಿದ ಇನ್ನೊಂದು ವರ್ಷ 2020. ಕೋವಿಡ್‌ನಿಂದಾಗಿ ಮಾಂಟ್ರಿಯಲ್‌ನ ಸ್ಪರ್ಧೆ ನಿಂತಿತು. 2011ರಲ್ಲಿ ಜಪಾನಿನ ಭೂಕಂಪದ ನಂತರ ಟೋಕಿಯೊದ ಸ್ಪರ್ಧೆ ಮಾಸ್ಕೋಗೆ ಸ್ಥಳಾಂತರಗೊಂಡಿತೇ ಹೊರತು ರದ್ದಾಗಲಿಲ್ಲ.

ಜಮಖಂಡಿಯ ಓದುಗ, ಬಾಗಲಕೋಟೆ ಜಿಲ್ಲೆ

ಅಂಕಗಳ ಬಗ್ಗೆ. 6.0 ಗರಿಷ್ಠವಾಗಿದ್ದ ಹಳೆಯ ಪದ್ಧತಿ 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ವಿಭಾಗದ ಹಗರಣದಲ್ಲಿ ಮುಗ್ಗರಿಸಿತು. ಒತ್ತಡಕ್ಕೆ ಮಣಿದು ಮತ ಹಾಕಿದೆನೆಂದು ಫ್ರಾನ್ಸಿನ ತೀರ್ಪುಗಾರ್ತಿ ಹೇಳಿ, ಮುಂದೆ ಅದನ್ನು ಹಿಂದೆಗೆದುಕೊಂಡರು. ಎರಡನೆಯ ಸ್ಥಾನದ ಕೆನಡಾ ಜೋಡಿಗೂ ಚಿನ್ನ ಕೊಡಬೇಕಾಯಿತು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹೊಸ ಪದ್ಧತಿ 2005ರ ಮಾಸ್ಕೋದಿಂದ ಜಾರಿಯಲ್ಲಿದೆ. ಪ್ರತಿ ಜಿಗಿತ, ನಿಂತಲ್ಲೇ ತಿರುಗುವ ಸುತ್ತು, ಹೆಜ್ಜೆಸಾಲಿಗೆ ಮೊದಲೇ ನಿಗದಿಯಾದ ಮೂಲ ಅಂಕವಿದೆ. ಆಟಗಾರ ಮಾಡಿದ್ದು ಯಾವ ಜಿಗಿತವೆಂದು ಗುರುತಿಸಲು ಪ್ರತ್ಯೇಕ ತಾಂತ್ರಿಕ ಮಂಡಳಿ ಇದೆ. ಆಟಗಾರ ಅದನ್ನು ಎಷ್ಟು ಚೆನ್ನಾಗಿ ಮಾಡಿದನೆಂಬುದಕ್ಕೆ ತೀರ್ಪುಗಾರರು, ಈಗಿನ ಲೆಕ್ಕದಲ್ಲಿ, ಐದರವರೆಗೆ ಕೂಡಿಸುತ್ತಾರೆ ಅಥವಾ ಕಳೆಯುತ್ತಾರೆ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಅಂಕವನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತಾರೆ.

ವಿಚಿತ್ರವೆಂದರೆ, ಒತ್ತಡ ತಪ್ಪಿಸುವ ನೆಪದಲ್ಲಿ ಹಗರಣದ ನಂತರ ಯಾವ ಅಂಕ ಯಾರದೆಂಬುದನ್ನೇ ಮುಚ್ಚಿಟ್ಟರು. ಕಳ್ಳತನ ತಡೆಯಲು ದೀಪ ಆರಿಸಿದರೆಂದು ಟೀಕಿಸಿದವರೇ ಹೆಚ್ಚು. 2016ರ ಮಹಾಸಭೆ ಆ ಗೋಪ್ಯತೆಯನ್ನು ತೆಗೆದುಹಾಕಿತು. ಈಗ ಪ್ರತಿ ಸ್ಪರ್ಧೆಯ ವಿವರವಾದ ಅಂಕಪಟ್ಟಿ ಪ್ರಕಟವಾಗುತ್ತದೆ. ಮಗಳಿಗೆ ತೋರಿಸಬೇಕೆಂದಿದ್ದರೆ 2024ರ ಮಾಂಟ್ರಿಯಲ್‌ನ ಪುರುಷರ ಫ್ರೀ ಸ್ಕೇಟಿಂಗ್ ಪಟ್ಟಿಯನ್ನು ತೆರೆಯಿರಿ: ಅಮೆರಿಕದ ಇಲಿಯಾ ಮಾಲಿನಿನ್ ಕ್ವಾಡ್ ಆಕ್ಸೆಲ್ (ಗಾಳಿಯಲ್ಲಿ ನಾಲ್ಕೂವರೆ ಸುತ್ತು) ಸೇರಿ ಆರು ಕ್ವಾಡ್, ಅಂದರೆ ನಾಲ್ಕು ಸುತ್ತಿನ, ಜಿಗಿತಗಳೊಂದಿಗೆ 227.79 ಅಂಕ ಪಡೆದದ್ದು ಅಲ್ಲಿದೆ; ಯಾವ ಜಿಗಿತಕ್ಕೆ ಯಾವ ತೀರ್ಪುಗಾರ ಎಷ್ಟು ಕೊಟ್ಟರೆಂಬುದೂ ಸಾಲುಸಾಲಾಗಿ ಸಿಗುತ್ತದೆ.