ಸಹಾಯ ಬೇಕು: ಇಂಗ್ಲೆಂಡಿನ ಬಯೋಮೆಡಿಕಲ್ ಸೈನ್ಸ್ ಡಿಗ್ರಿಗೆ ಮಾನ್ಯತೆ ಇಲ್ಲ, ಮುಂದೇನು?

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳು ಇಂಗ್ಲೆಂಡಿನಲ್ಲಿ ಬಯೋಮೆಡಿಕಲ್ ಸೈನ್ಸ್ ಬಿಎಸ್‌ಸಿ ಎರಡನೇ ವರ್ಷದಲ್ಲಿದ್ದಾಳೆ. ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಬೇಕು ಅಂತ ಅವಳಿಗೆ ಆಸೆ. ಆದರೆ ಅವಳ ಕೋರ್ಸಿಗೆ ಐಬಿಎಂಎಸ್ (ಈ ವೃತ್ತಿಯವರ ಸಂಸ್ಥೆ) ಮಾನ್ಯತೆ ಇಲ್ಲ ಅಂತ ಹೋದ ವಾರವಷ್ಟೇ ಗೊತ್ತಾಯಿತು. ಸೇರುವಾಗ ನಾವ್ಯಾರೂ ಕೇಳಲೇ ಇಲ್ಲ. ಕೋರ್ಸಿನ ಹೆಸರು ಒಂದೇ ಅಲ್ವಾ ಅಂದುಕೊಂಡೆವು.

ಅಲ್ಲಿ ‘ಬಯೋಮೆಡಿಕಲ್ ಸೈಂಟಿಸ್ಟ್’ ಅಂತ ಹೇಳಿಕೊಳ್ಳಬೇಕಾದರೆ ಎಚ್‌ಸಿಪಿಸಿ (ಆರೋಗ್ಯ ವೃತ್ತಿಗಳ ನಿಯಂತ್ರಣ ಮಂಡಳಿ) ನೋಂದಣಿ ಕಡ್ಡಾಯ. ಮಾನ್ಯತೆ ಇರುವ ಡಿಗ್ರಿಯಾದರೆ ಅನುಮೋದನೆ ಪಡೆದ ಲ್ಯಾಬಿನಲ್ಲಿ ತರಬೇತಿ, ಪೋರ್ಟ್‌ಫೋಲಿಯೊ (ಕಲಿತದ್ದರ ದಾಖಲೆ) ಮುಗಿಸಿದರೆ ಸಾಕು. ಇಲ್ಲದಿದ್ದರೆ ಐಬಿಎಂಎಸ್‌ನವರು ಡಿಗ್ರಿಯನ್ನು ಪರಿಶೀಲಿಸಿ, ಕೊರತೆಯಿರುವ ವಿಷಯಗಳಿಗೆ ಟಾಪ್‌ಅಪ್ ಮಾಡ್ಯೂಲ್ ಓದಿ ಅನ್ನುತ್ತಾರೆ.

ಈ ದಾರಿಯಲ್ಲಿ ಹೋದವರು ಇಲ್ಲಿ ಯಾರಾದರೂ ಇದ್ದೀರಾ? ಒಟ್ಟು ಎಷ್ಟು ಮಾಡ್ಯೂಲ್ ಓದಬೇಕಾಯಿತು? ಲ್ಯಾಬ್ ಅಸಿಸ್ಟೆಂಟ್ ಕೆಲಸ ಮಾಡುತ್ತಲೇ ಓದಲು ಆಯಿತಾ, ವೀಸಾ ಹೇಗೆ ನಿಭಾಯಿಸಿದಿರಿ? ಅಥವಾ ಈಗಲೇ ಮಾನ್ಯತೆ ಇರುವ ಕೋರ್ಸಿಗೆ ಬದಲಾಗುವುದು ವಾಸಿಯೇ? ಕ್ಲಿನಿಕಲ್ ಸೈಂಟಿಸ್ಟ್ ಅನ್ನುವ ಬೇರೆ ಹುದ್ದೆಗೆ ಮೂರು ವರ್ಷದ ಎಸ್‌ಟಿಪಿ (ಸೈಂಟಿಸ್ಟ್ ಟ್ರೈನಿಂಗ್ ಪ್ರೋಗ್ರಾಂ) ತರಬೇತಿಯೂ ಇದೆ, ಆದರೆ ಪೈಪೋಟಿ ತುಂಬಾ ಜಾಸ್ತಿ.

‘ಸುಮ್ನೆ ಎಂಬಿಬಿಎಸ್ ಮಾಡಿಸಬೇಕಿತ್ತು’ ಅನ್ನಬೇಡಿ. ಅದನ್ನು ನೆಂಟರೆಲ್ಲ ಹೇಳಿ ಮುಗಿಸಿದ್ದಾರೆ.