ಪಿಎಚ್‌ಡಿಗೆ ಗೈಡ್ ಹುಡುಕೋದು ಹೇಗೆ? ಎಲ್ಲರ ಆಸಕ್ತಿನೂ ಒಂದೇ ಥರ ಕಾಣ್ತಿದೆ

ಜೋಳದರೊಟ್ಟಿ:
ರಾಜ್ಯಶಾಸ್ತ್ರ ಎಂ.ಎ. ಮುಗಿಸಿದ್ದೇನೆ. ಪಂಚಾಯ್ತಿಯ ಮಹಿಳಾ ಸದಸ್ಯರ ಮೇಲೆ ಪಿಎಚ್‌ಡಿ ಮಾಡುವ ಆಸೆ. ವಿಭಾಗದ ವೆಬ್‌ಸೈಟ್ ನೋಡಿದರೆ ಎಲ್ಲ ಪ್ರೊಫೆಸರ್‌ಗಳ ಹೆಸರಿನ ಮುಂದೆ ‘ಭಾರತೀಯ ರಾಜಕಾರಣ, ಸಾರ್ವಜನಿಕ ಆಡಳಿತ, ಅಂತರರಾಷ್ಟ್ರೀಯ ಸಂಬಂಧ’ ಅಂತಲೇ ಇದೆ. ಯಾರಿಗೆ ನಿಜವಾಗಿ ಯಾವುದರಲ್ಲಿ ಆಸಕ್ತಿ ಅಂತ ತಿಳಿಯೋದು ಹೇಗೆ?

ಮೂರನೇಬೆಂಚು:
ಆ ಸಾಲನ್ನು ನಂಬಬೇಡಿ. ಕೆಲಸಕ್ಕೆ ಸೇರಿದಾಗ ಬರೆದುಕೊಟ್ಟಿದ್ದು ಹಾಗೇ ಉಳಿದಿರುತ್ತೆ. ಪಿಎಚ್‌ಡಿ ಪ್ರಬಂಧಗಳನ್ನೆಲ್ಲ ಹಾಕಿಡುವ ಶೋಧಗಂಗಾ ವೆಬ್‌ಸೈಟ್‌ಗೆ ಹೋಗಿ, ಗೈಡ್ ಹೆಸರು ಹಾಕಿ ಹುಡುಕಿ. ಅವರ ಕೈಕೆಳಗೆ ಯಾವ ಪ್ರಬಂಧಗಳು ಬಂದಿವೆ ನೋಡಿ. ಪುಟದಲ್ಲಿ ‘ರಾಜಕೀಯ ಚಿಂತನೆ’ ಅಂತಿದ್ದು ಪ್ರಬಂಧಗಳೆಲ್ಲ ತಾಲ್ಲೂಕು ಪಂಚಾಯ್ತಿ ಮೇಲೆ ಇದ್ದರೆ ಅವರೇ ನಿಮ್ಮ ಗೈಡ್. ಹಾಗೇ ಕೊನೆಯ ಪ್ರಬಂಧ ಯಾವ ವರ್ಷದ್ದು ಅಂತಲೂ ನೋಡಿ.

ಶಿರಸಿ_ಅಡಿಕೆ:
ಅದಕ್ಕಿಂತ ಮೊದಲು ಸೀಟು ಖಾಲಿ ಇದೆಯಾ ಕೇಳಿ. ಯುಜಿಸಿಯ 2022ರ ನಿಯಮದ ಪ್ರಕಾರ ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ಜನ ಪಿಎಚ್‌ಡಿ ವಿದ್ಯಾರ್ಥಿಗಳು, ಅಷ್ಟೇ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತಗೊಳ್ಳುವ ಹಾಗಿಲ್ಲ. ನಾನು ಇದನ್ನು ಕೇಳದೆ ಒಬ್ಬರ ಹಿಂದೆ ಆರು ತಿಂಗಳು ಅಲೆದೆ, ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಮೂರು ಸಲ ತಿದ್ದಿಸಿದರು, ಆಮೇಲೆ ‘ಮುಂದಿನ ವರ್ಷ ನಾನಿರಲ್ಲಪ್ಪಾ’ ಅಂದರು!

ಕುಕ್ಕರಹಳ್ಳಿ_ವಾಕರ್:
ಮೈಸೂರು ವಿವಿಯಲ್ಲಿ ರಾಜ್ಯಶಾಸ್ತ್ರ ಪ್ರೊಫೆಸರ್ ಆಗಿದ್ದ ಮುಜಾಫರ್ ಅಸಾದಿ ಅವರ ಕೆಲಸ ನೋಡಿದರೆ ಆಸಕ್ತಿ ಅಂದರೆ ಏನು ಅಂತ ಗೊತ್ತಾಗುತ್ತೆ. ರೈತ ಚಳವಳಿ ಅವರ ವಿಷಯ. ನಾಗರಹೊಳೆಯಿಂದ ಒಕ್ಕಲೆಬ್ಬಿಸಿದ ಆದಿವಾಸಿಗಳ ಬಗ್ಗೆ ಹೈಕೋರ್ಟ್ ಮಾಡಿದ ಸಮಿತಿಗೂ ಅವರೇ ಮುಖ್ಯಸ್ಥರಾಗಿದ್ದರು. 2025ರ ಜನವರಿಯಲ್ಲಿ ತೀರಿಕೊಂಡರು. ಪಂಚಾಯ್ತಿ ವಿಷಯಕ್ಕಾದರೆ ಬೆಂಗಳೂರು ನಾಗರಭಾವಿಯ ಐಸೆಕ್ (ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆ) ಕೂಡ ನೋಡಿ, ಅಲ್ಲಿ ವಿಕೇಂದ್ರೀಕರಣಕ್ಕೇ ಒಂದು ಕೇಂದ್ರ ಇದೆ.

ಇನ್ನೊಂದು ಮಾತು. ‘ಮಹಿಳಾ ಸದಸ್ಯರು’ ಅಂತ ಸುಮ್ನೆ ಹೋದರೆ ಯಾವ ಗೈಡೂ ತಲೆಯೆತ್ತಿ ನೋಡಲ್ಲ, ಅಷ್ಟು ಪ್ರಬಂಧ ಬಂದಿವೆ. ದೇಶದ ಪಂಚಾಯ್ತಿಗಳಲ್ಲಿ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, 1987ರ ಚುನಾವಣೆಯಲ್ಲಿ ನಮ್ಮಲ್ಲಿ ಹೆಂಗಸರಿಗೆ ಶೇ. 25 ಸೀಟು ಮೀಸಲಿತ್ತು. ಆಗ ನಜೀರ್ ಸಾಬ್ ಪಂಚಾಯ್ತಿ ಮಂತ್ರಿ. ಆಗ ಗೆದ್ದವರಿಗೆ ಈಗ ಅರವತ್ತು, ಎಪ್ಪತ್ತು ದಾಟಿರುತ್ತೆ. ಅವರನ್ನು ಮಾತಾಡಿಸಿ ಒಂದು ಪುಟ ಬರೆದುಕೊಂಡು ಹೋಗಿ, ಗೈಡ್ ತಾವೇ ಕೂರಿಸಿ ಕೇಳ್ತಾರೆ.

ಜೋಳದರೊಟ್ಟಿ:
ಅಯ್ಯೋ, ನಮ್ಮ ಸೋದರತ್ತೆನೇ ಆಗ ಮಂಡಲ ಪಂಚಾಯ್ತಿ ಮೆಂಬರ್ ಆಗಿದ್ದರು! ಮಾವನವರೇ ಸಹಿ ಹಾಕ್ತಿದ್ದರು ಅಂತ ಮನೆಯಲ್ಲಿ ತಮಾಷೆ ಮಾಡ್ತಾರೆ, ಅತ್ತೆ ಮಾತ್ರ ನಗಲ್ಲ. ಭಾನುವಾರ ಹೋಗಿ ಕೂರ್ತೇನೆ.

ಶಿರಸಿ_ಅಡಿಕೆ:
ಮಾವ ಮನೆಯಲ್ಲಿಲ್ಲದ ಹೊತ್ತು ನೋಡಿ ಹೋಗಿ.